ಶಿಶುವಿಹಾರದ ಗೋಡೆಗೆ ಎಷ್ಟು ನಕ್ಷತ್ರ?

ಹೋಟೆಲುಗಳಿಗೆ ನಕ್ಷತ್ರ ಕೊಡುವ ಪದ್ಧತಿ ಎಲ್ಲರಿಗೂ ಗೊತ್ತು. ಮೂರು ನಕ್ಷತ್ರದ ಹೋಟೆಲಿಗೂ ಐದು ನಕ್ಷತ್ರದ ಹೋಟೆಲಿಗೂ ಇರುವ ಅಂತರ, ಅವುಗಳ ಒಳಗೆ ಎಂದೂ ಕಾಲಿಡದವರಿಗೂ ಅಂದಾಜಾಗುತ್ತದೆ. ಆದರೆ ಮೂರು ವರ್ಷದ ಮಗು ಹೋಗುವ ಶಿಶುವಿಹಾರಕ್ಕೂ ಹೀಗೆ ನಕ್ಷತ್ರ ಕೊಡಬಹುದೇ?

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯ 1999ರಲ್ಲಿ ಹಾಗೆ ಕೊಡಲು ಆರಂಭಿಸಿತು. ಅಲ್ಲಿ ಶಿಶುಪಾಲನಾ ಕೇಂದ್ರ ನಡೆಸಲು ಸರ್ಕಾರ ಕೊಡುವ ಪರವಾನಗಿ ಪತ್ರದ ಮೇಲೆಯೇ ನಕ್ಷತ್ರಗಳು ಅಚ್ಚಾಗಿ ಬಂದವು. ಒಂದು ನಕ್ಷತ್ರವಿದ್ದರೆ ಕಾನೂನು ಹೇಳುವ ಕನಿಷ್ಠ ನಿಯಮಗಳನ್ನು ಕೇಂದ್ರ ಪಾಲಿಸುತ್ತಿದೆ ಎಂದರ್ಥ. ಐದು ಇದ್ದರೆ ಅದು ಅತ್ಯುತ್ತಮ. ಮಗುವನ್ನು ಸೇರಿಸಲು ಬರುವ ತಾಯಿ ತಂದೆಗೆ ಕಾಣುವಂತೆ ಅದನ್ನು ತೂಗುಹಾಕಬೇಕು ಎಂಬುದು ನಿಯಮ.

ನೋಡಲು ಇದು ಸರಳವಾದ ಏರ್ಪಾಡು. ಅಂಗಡಿಯಲ್ಲಿ ಸಾಮಾನಿನ ಮೇಲೆ ಮುದ್ರೆ ಇರುವುದಿಲ್ಲವೇ, ಹಾಗೆ. ಆದರೆ ಕಳೆದ ಕಾಲು ಶತಮಾನದಲ್ಲಿ ಆ ನಕ್ಷತ್ರಗಳು ಎಬ್ಬಿಸಿದ ಪ್ರಶ್ನೆಗಳು ಸರಳವಲ್ಲ. ಮಗುವಿಗೆ ಒಳ್ಳೆಯದು ಯಾವುದು ಎಂಬುದನ್ನು ಅಳೆಯುವುದು ಹೇಗೆ? ಅಳೆದಾದ ಮೇಲೆ ಕಡಿಮೆ ಅಂಕ ಬಂದ ಕೇಂದ್ರವನ್ನು ಏನು ಮಾಡಬೇಕು? ಬೈಯಬೇಕೇ, ಮುಚ್ಚಬೇಕೇ, ಅಥವಾ ಕೈಹಿಡಿದು ಎತ್ತಬೇಕೇ?

ಬಾಗಿಲು ಮುಚ್ಚಿದ ಮಸೂದೆ

ಈ ಕಥೆಯ ಬೇರು ಇರುವುದು 1960ರ ದಶಕದಲ್ಲಿ. 1962ರಲ್ಲಿ ಮಿಶಿಗನ್ ರಾಜ್ಯದ ಇಪ್ಸಿಲಾಂಟಿ ಎಂಬ ಪಟ್ಟಣದಲ್ಲಿ ಡೇವಿಡ್ ವೈಕಾರ್ಟ್ ಮತ್ತು ಸಂಗಡಿಗರು ಒಂದು ಪ್ರಯೋಗಕ್ಕೆ ಕೈಹಾಕಿದರು. ಬಡ ಕಪ್ಪು ಜನರ ಕುಟುಂಬಗಳಿಂದ ಬಂದ 123 ಮಕ್ಕಳನ್ನು ಎರಡು ಗುಂಪು ಮಾಡಲಾಯಿತು. 58 ಮಕ್ಕಳಿಗೆ ಮೂರು, ನಾಲ್ಕನೆಯ ವಯಸ್ಸಿನಲ್ಲಿ ಒಳ್ಳೆಯ ಶಿಶುವಿಹಾರ. ಉಳಿದ 65 ಮಕ್ಕಳಿಗೆ ಅದಿಲ್ಲ. ಪೆರ್ರಿ ಶಿಶುಶಾಲೆ ಎಂದು ಹೆಸರಾದ ಈ ಪ್ರಯೋಗದಲ್ಲಿ ಪಾಠ ಮಾಡಿದವರು ಚೆನ್ನಾಗಿ ತರಬೇತಿ ಪಡೆದ ಶಿಕ್ಷಕರು. ಒಬ್ಬೊಬ್ಬರ ಪಾಲಿಗೆ ಇದ್ದುದು ಕೆಲವೇ ಮಕ್ಕಳು. ವಾರಕ್ಕೊಮ್ಮೆ ಅವರು ಮಗುವಿನ ಮನೆಗೂ ಹೋಗಿ ತಾಯಿಯೊಡನೆ ಕುಳಿತು ಮಾತನಾಡುತ್ತಿದ್ದರು.

ಆ ಮಕ್ಕಳು ದೊಡ್ಡವರಾಗಿ ನಲವತ್ತು ವರ್ಷ ತುಂಬುವವರೆಗೂ ಸಂಶೋಧಕರು ಅವರ ಬೆನ್ನು ಬಿಡಲಿಲ್ಲ. ಶಿಶುವಿಹಾರಕ್ಕೆ ಹೋದವರಲ್ಲಿ ನೌಕರಿಯಲ್ಲಿರುವವರು ಹೆಚ್ಚು. ಪೊಲೀಸರ ಕೈಗೆ ಸಿಕ್ಕವರು ಕಡಿಮೆ. ಎಳೆಯ ವಯಸ್ಸಿನ ಎರಡು ವರ್ಷ ಇಡೀ ಬಾಳಿನ ಮೇಲೆ ನೆರಳು ಚಾಚಬಲ್ಲದು ಎಂದು ಜಗತ್ತು ನಂಬಲು ಈ ಪುಟ್ಟ ಪ್ರಯೋಗ ಒಂದು ಮುಖ್ಯ ಕಾರಣ. ಆದರೆ ಒಂದು ಮಾತನ್ನು ಹಲವರು ಮರೆತರು. ಅಲ್ಲಿ ಫಲ ಕೊಟ್ಟದ್ದು ಬರಿಯ ಶಿಶುವಿಹಾರವಲ್ಲ, ಒಳ್ಳೆಯ ಶಿಶುವಿಹಾರ.

1965ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಬಡ ಮಕ್ಕಳಿಗಾಗಿ 'ಹೆಡ್ ಸ್ಟಾರ್ಟ್' ಆರಂಭಿಸಿತು. ಎಲ್ಲ ಕುಟುಂಬಗಳಿಗೂ ದೊರೆಯುವಂತಹ ಶಿಶುಪಾಲನಾ ವ್ಯವಸ್ಥೆ ರೂಪಿಸುವ ಮಸೂದೆಯೊಂದು 1971ರಲ್ಲಿ ಅಲ್ಲಿನ ಸಂಸತ್ತಿನ ಎರಡೂ ಸದನಗಳನ್ನು ದಾಟಿತು. ಅಧ್ಯಕ್ಷ ನಿಕ್ಸನ್ ಅದೇ ಡಿಸೆಂಬರಿನಲ್ಲಿ ಅದನ್ನು ತಿರಸ್ಕರಿಸಿದರು. ಮಕ್ಕಳನ್ನು ಬೆಳೆಸುವುದು ಕುಟುಂಬದ ಕೆಲಸ, ಸರ್ಕಾರ ಅದರಲ್ಲಿ ತಲೆಹಾಕಬಾರದು ಎಂಬುದು ಅವರ ವಾದದ ತಿರುಳು.

ಪರಿಣಾಮವೆಂದರೆ, ಇಡೀ ದೇಶಕ್ಕೆ ಅನ್ವಯಿಸುವ ಒಂದು ಗುಣಮಟ್ಟ ಹುಟ್ಟಲೇ ಇಲ್ಲ. ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ತಾಯಂದಿರು ದುಡಿಯಲು ಹೊರಟಂತೆ ಬೀದಿಬೀದಿಗಳಲ್ಲಿ ಕೇಂದ್ರಗಳು ತಲೆಯೆತ್ತಿದವು. ಕೆಲವು ಚರ್ಚಿನ ನೆಲಮಾಳಿಗೆಯಲ್ಲಿ, ಕೆಲವು ಯಾರದೋ ಮನೆಯ ಹಜಾರದಲ್ಲಿ, ಕೆಲವು ಕಂಪನಿಗಳ ಕೈಯಲ್ಲಿ. ಸರ್ಕಾರದ ಪರವಾನಗಿ ನೋಡುತ್ತಿದ್ದುದು ಬೆಂಕಿ ಹತ್ತಿದರೆ ಹೊರಬರಲು ದಾರಿ ಇದೆಯೇ, ನೀರು ಶುದ್ಧವಾಗಿದೆಯೇ, ಇಷ್ಟು ಮಕ್ಕಳಿಗೆ ಇಷ್ಟು ಜನ ದೊಡ್ಡವರಿದ್ದಾರೆಯೇ ಎಂಬುದನ್ನು. ಮಗುವಿಗೆ ಅಪಾಯವಿಲ್ಲ ಎಂದು ಅದು ಹೇಳುತ್ತಿತ್ತು. ಮಗು ಅಲ್ಲಿ ನಗುತ್ತದೆಯೇ, ಕಲಿಯುತ್ತದೆಯೇ ಎಂದು ಹೇಳುತ್ತಿರಲಿಲ್ಲ.

ಒಂದರಿಂದ ಏಳರ ಅಳತೆಗೋಲು

ಅದನ್ನು ಹೇಳಬಲ್ಲ ಅಳತೆಗೋಲನ್ನು ರೂಪಿಸಿದವರು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಥೆಲ್ಮಾ ಹಾರ್ಮ್ಸ್ ಮತ್ತು ರಿಚರ್ಡ್ ಕ್ಲಿಫರ್ಡ್. 1980ರಲ್ಲಿ ಹೊರಬಂದ ಅವರ ಮಾಪನ 'ಈಕರ್ಸ್' ಎಂಬ ಗಿಡ್ಡ ಹೆಸರಿನಿಂದ ಪ್ರಸಿದ್ಧವಾಯಿತು. 37 ಅಂಶಗಳ ಒಂದು ಪಟ್ಟಿ ಅದು. 1998ರ ಪರಿಷ್ಕೃತ ಆವೃತ್ತಿಯಲ್ಲಿ ಅವು 43 ಆದವು. ಪ್ರತಿಯೊಂದು ಅಂಶಕ್ಕೂ ಒಂದರಿಂದ ಏಳರವರೆಗೆ ಅಂಕ. ಒಂದು ಎಂದರೆ ಸಾಲದು, ಮೂರು ಎಂದರೆ ಕನಿಷ್ಠ, ಐದು ಎಂದರೆ ಒಳ್ಳೆಯದು, ಏಳು ಎಂದರೆ ಅತ್ಯುತ್ತಮ.

ಇದನ್ನು ಬಳಸುವ ರೀತಿಯೇ ವಿಶೇಷ. ತರಬೇತಿ ಪಡೆದ ವೀಕ್ಷಕರು ಬೆಳಗ್ಗೆ ಬಂದು ತರಗತಿಯ ಒಂದು ಮೂಲೆಯಲ್ಲಿ ಮೂರು ಗಂಟೆಯಾದರೂ ಕೂರುತ್ತಾರೆ. ಪಾಠದಲ್ಲಿ ತಲೆಹಾಕುವುದಿಲ್ಲ. ಮಗು ಒಳಬಂದಾಗ ಯಾರಾದರೂ ಹೆಸರು ಹಿಡಿದು ಕರೆದರೇ? ಊಟಕ್ಕೆ ಮುಂಚೆ ಕೈ ತೊಳೆಸಿದರೇ? ಮರದ ತುಂಡುಗಳು, ಮರಳು, ನೀರು ಆಟಕ್ಕೆ ಸಿಗುತ್ತವೆಯೇ, ಅಥವಾ ಬೀರುವಿನಲ್ಲಿ ಬೀಗ ಹಾಕಿಕೊಂಡಿವೆಯೇ? ಗೋಡೆಯ ಚಿತ್ರಗಳು ಮಗುವಿನ ಕಣ್ಣಿನ ಎತ್ತರಕ್ಕಿವೆಯೇ, ಅಥವಾ ದೊಡ್ಡವರು ಮೆಚ್ಚಲೆಂದು ಮೇಲೆ ತೂಗಾಡುತ್ತಿವೆಯೇ? ಅಳುವ ಮಗುವನ್ನು ಯಾರಾದರೂ ಎತ್ತಿಕೊಂಡರೇ?

ಗಮನಿಸಬೇಕಾದ ಸಂಗತಿಯೆಂದರೆ, ಇಲ್ಲಿ ಅಂಕ ಸಿಗುವುದು ಮಗುವಿಗಲ್ಲ, ಮಗು ದಿನ ಕಳೆಯುವ ಜಾಗಕ್ಕೆ. ನಾಲ್ಕು ವರ್ಷದ ಮಗುವನ್ನು ಪರೀಕ್ಷೆಗೆ ಕೂರಿಸಿ ಪಾಸು, ಫೇಲು ಎನ್ನುವುದಕ್ಕಿಂತ ಇದು ಎಷ್ಟೋ ಮೇಲು.

ಈ ಅಳತೆಗೋಲು ಹಿಡಿದು ಕೊಲೊರಾಡೊ, ಕ್ಯಾಲಿಫೋರ್ನಿಯಾ, ಕನೆಕ್ಟಿಕಟ್ ಮತ್ತು ನಾರ್ತ್ ಕೆರೊಲಿನಾ ರಾಜ್ಯಗಳ ನೂರಾರು ಕೇಂದ್ರಗಳಿಗೆ ಹೋದ ಸಂಶೋಧಕರ ತಂಡ 1995ರಲ್ಲಿ ಪ್ರಕಟಿಸಿದ ವರದಿ ಅಮೆರಿಕವನ್ನು ಬೆಚ್ಚಿಬೀಳಿಸಿತು. ಒಳ್ಳೆಯದು ಎನ್ನಬಹುದಾದ ಕೇಂದ್ರ ಏಳರಲ್ಲಿ ಒಂದು ಮಾತ್ರ. ಹೆಚ್ಚಿನವು ಸಾಧಾರಣ. ಕೆಲವು ಮಕ್ಕಳ ಆರೋಗ್ಯಕ್ಕೇ ಅಪಾಯ ತರುವಂತಿದ್ದವು.

ಅದಕ್ಕಿಂತ ಅಚ್ಚರಿಯ ಸಂಗತಿ ಇನ್ನೊಂದಿತ್ತು. ಅದೇ ಕೇಂದ್ರಗಳ ಬಗ್ಗೆ ಮಕ್ಕಳ ತಂದೆತಾಯಿಗಳನ್ನು ಕೇಳಿದಾಗ ಹತ್ತರಲ್ಲಿ ಒಂಬತ್ತು ಮಂದಿ ತುಂಬಾ ಚೆನ್ನಾಗಿದೆ ಎಂದಿದ್ದರು. ಅವರು ಮೂರ್ಖರಲ್ಲ. ಬೆಳಗ್ಗೆ ಮಗುವನ್ನು ಬಿಟ್ಟು, ಸಂಜೆ ಕರೆದೊಯ್ಯುವ ಐದು ನಿಮಿಷದಲ್ಲಿ ಅವರಿಗೆ ಕಾಣುವುದಾದರೂ ಎಷ್ಟು? ನಡುವಿನ ಎಂಟು ಗಂಟೆ ಅವರು ಅಲ್ಲಿ ಇರುವುದಿಲ್ಲ. ಮಗುವಿಗೆ ಹೇಳಲು ಬರುವುದಿಲ್ಲ. ಕೆಲಸಕ್ಕೆ ಹೋಗಲೇಬೇಕಾದ ತಾಯಿಗೆ ಕೇಂದ್ರ ಚೆನ್ನಾಗಿದೆ ಎಂದು ನಂಬುವುದು ಅನಿವಾರ್ಯವೂ ಹೌದು.

ಹಣದ ಜೊತೆ ಬಂದ ನಕ್ಷತ್ರ

ಕಾಣದ್ದನ್ನು ಕಾಣಿಸಲು ಹುಟ್ಟಿದ್ದೇ ನಕ್ಷತ್ರ ಪದ್ಧತಿ. ಇಡೀ ರಾಜ್ಯದಲ್ಲಿ ಇದನ್ನು ಮೊದಲು ಜಾರಿಗೆ ತಂದದ್ದು ಓಕ್ಲಹೋಮ, 1998ರಲ್ಲಿ. ಬಡ ಕುಟುಂಬಗಳ ಮಕ್ಕಳಿಗಾಗಿ ಸರ್ಕಾರ ಕೇಂದ್ರಗಳಿಗೆ ಹಣ ಕೊಡುತ್ತಿತ್ತಷ್ಟೆ. ಹೆಚ್ಚು ನಕ್ಷತ್ರ ಪಡೆದ ಕೇಂದ್ರಕ್ಕೆ ಪ್ರತಿ ಮಗುವಿನ ಲೆಕ್ಕದಲ್ಲಿ ಹೆಚ್ಚು ಹಣ ಎಂದು ಓಕ್ಲಹೋಮ ಘೋಷಿಸಿತು. ಮುಂದಿನ ವರ್ಷ ನಾರ್ತ್ ಕೆರೊಲಿನಾ ಬಂತು. ಪೆನ್ಸಿಲ್ವೇನಿಯಾ, ಒಹಾಯೊ ಮೊದಲಾದವು ಆಮೇಲೆ ಸೇರಿದವು. 2011ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳ ನಡುವೆ ಸ್ಪರ್ಧೆ ಏರ್ಪಡಿಸಿ, ಮೊದಲ ಸುತ್ತಿನಲ್ಲಿ ಗೆದ್ದ ಒಂಬತ್ತು ರಾಜ್ಯಗಳಿಗೆ 50 ಕೋಟಿ ಡಾಲರ್ ಹಂಚಿತು. ನಕ್ಷತ್ರ ಪದ್ಧತಿ ದೇಶದ ಹೆಚ್ಚಿನ ರಾಜ್ಯಗಳನ್ನು ತಲುಪಿತು.

ಆದರೆ ಇಲ್ಲೊಂದು ತೊಡಕು ಇತ್ತು. ಹೆಚ್ಚು ನಕ್ಷತ್ರ ಬೇಕೆಂದರೆ ಓದಿದ ಶಿಕ್ಷಕಿ ಬೇಕು, ಆಟದ ಸಾಮಾನು ಬೇಕು, ಕಡಿಮೆ ಮಕ್ಕಳ ತರಗತಿ ಬೇಕು. ಇದಕ್ಕೆಲ್ಲ ಹಣ ಬೇಕು. ಆ ಹಣ ಬರುವುದು ನಕ್ಷತ್ರ ಬಂದ ಮೇಲೆ! ಅನುಕೂಲಸ್ಥ ಬಡಾವಣೆಯ ಕೇಂದ್ರ ಮೊದಲೇ ಸಜ್ಜಾಗಿರುತ್ತದೆ. ಅರ್ಜಿ ಹಾಕಿ ಐದು ನಕ್ಷತ್ರ ಪಡೆಯುತ್ತದೆ. ಬಡವರ ಕೇರಿಯಲ್ಲಿ ತನ್ನ ಮನೆಯಲ್ಲೇ ಆರು ಮಕ್ಕಳನ್ನು ನೋಡಿಕೊಳ್ಳುವ ಹೆಂಗಸಿಗೆ ಅರ್ಜಿಯ ಕಾಗದಗಳನ್ನು ತುಂಬಲೂ ಬಿಡುವಿಲ್ಲ. ಉಳ್ಳವರಿಗೇ ಇನ್ನಷ್ಟು ಬಡಿಸಿದಂತಾಗುತ್ತದೆ ಎಂಬ ಟೀಕೆ ಹುಟ್ಟಿದ್ದು ಹೀಗೆ.

ಆದ್ದರಿಂದಲೇ ಅಳೆಯುವುದರ ಜೊತೆಗೆ ಸುಧಾರಣೆಗೆ ನೆರವು ನೀಡುವುದೂ ಸೇರಿತು. ನಕ್ಷತ್ರ ಪದ್ಧತಿಯ ಅಸಲು ಜೀವ ಇರುವುದು ಈ ಎರಡನೆಯ ಭಾಗದಲ್ಲಿ.

ಏಣಿ ಹಿಡಿಯುವವರು

ಈ ನೆರವು ಬೇರೆ ಬೇರೆ ರೂಪದಲ್ಲಿ ಬರುತ್ತದೆ. ಮೊದಲನೆಯದು, ಮಾರ್ಗದರ್ಶಿ. ಇವರು ತಪಾಸಣೆಗೆ ಬರುವ ಅಧಿಕಾರಿಯಲ್ಲ. ವಾರಕ್ಕೋ ಹದಿನೈದು ದಿನಕ್ಕೋ ತರಗತಿಗೆ ಬಂದು ಶಿಕ್ಷಕಿಯ ಪಕ್ಕದಲ್ಲೇ ಕೆಲಸ ಮಾಡುವ ಅನುಭವಿ. ಅಂಕಪಟ್ಟಿಯನ್ನು ಮುಂದಿಟ್ಟುಕೊಂಡು, ಈ ತಿಂಗಳು ಕಥೆ ಹೇಳುವ ಹೊತ್ತನ್ನು ಸರಿಪಡಿಸೋಣ, ಮುಂದಿನ ತಿಂಗಳು ಆಟದ ಮೂಲೆಯನ್ನು ನೋಡೋಣ ಎಂದು ಒಂದೊಂದಾಗಿ ಕೈಗೆತ್ತಿಕೊಳ್ಳುತ್ತಾರೆ. ಕಡಿಮೆ ಅಂಕ ಬಂದದ್ದು ಅವಮಾನವಾಗದೆ ಕೆಲಸದ ಪಟ್ಟಿಯಾಗುವುದು ಹೀಗೆ.

ಎರಡನೆಯದು, ಓದಿಗೆ ನೆರವು. ನಾರ್ತ್ ಕೆರೊಲಿನಾದಲ್ಲಿ 1990ರಲ್ಲಿ ಆರಂಭವಾದ 'ಟೀಚ್' ವಿದ್ಯಾರ್ಥಿವೇತನ ಇದಕ್ಕೆ ಒಳ್ಳೆಯ ಉದಾಹರಣೆ. ಕೆಲಸದಲ್ಲಿರುವ ಶಿಕ್ಷಕಿ ಕಾಲೇಜಿಗೆ ಸೇರಿದರೆ ಶುಲ್ಕದ ಬಹುಪಾಲನ್ನು ಯೋಜನೆ ಭರಿಸುತ್ತದೆ. ಮಾಲೀಕರು ಓದಲು ಬಿಡುವು ಕೊಡಬೇಕು. ಓದು ಮುಗಿಸಿದವಳಿಗೆ ಸಂಬಳವನ್ನೋ ಬೋನಸ್ಸನ್ನೋ ಹೆಚ್ಚಿಸಬೇಕು. ಪ್ರತಿಯಾಗಿ ಆಕೆ ಒಂದಷ್ಟು ಕಾಲ ಅದೇ ಕೇಂದ್ರದಲ್ಲಿ ಉಳಿಯಬೇಕು. ಹೀಗೆ ಮೂವರಿಗೂ ಹೊಣೆ, ಮೂವರಿಗೂ ಲಾಭ.

ಮೂರನೆಯದು, ಊರಿನ ಸಂಸ್ಥೆಗಳ ಮೂಲಕ ಬರುವ ಹಣ. ಗವರ್ನರ್ ಜಿಮ್ ಹಂಟ್ 1993ರಲ್ಲಿ ಆರಂಭಿಸಿದ 'ಸ್ಮಾರ್ಟ್ ಸ್ಟಾರ್ಟ್' ಯೋಜನೆಯಲ್ಲಿ ಹಣವನ್ನು ಯಾವುದಕ್ಕೆ ಖರ್ಚು ಮಾಡಬೇಕೆಂದು ಸ್ಥಳೀಯ ಸಹಭಾಗಿತ್ವದ ಸಂಸ್ಥೆಗಳೇ ತೀರ್ಮಾನಿಸುತ್ತಿದ್ದವು. ನಕ್ಷತ್ರ ಬರುವ ಆರು ವರ್ಷ ಮೊದಲೇ ಏಣಿ ಸಿದ್ಧವಾಗಿತ್ತು ಎಂಬುದನ್ನು ಗಮನಿಸಬೇಕು.

ಇದೆಲ್ಲ ಫಲ ಕೊಟ್ಟಿತೇ? ನಾರ್ತ್ ಕೆರೊಲಿನಾದ ದಾಖಲೆಗಳನ್ನು ಜಾಲಾಡಿದ ಡಾಫ್ನಾ ಬಾಸ್ಸೊಕ್, ಥಾಮಸ್ ಡೀ ಮತ್ತು ಸ್ಕಾಟ್ ಲೇಥಮ್ 2019ರಲ್ಲಿ ಒಂದು ಕುತೂಹಲಕರ ಉತ್ತರ ಕೊಟ್ಟರು. ಕೂದಲೆಳೆಯಲ್ಲಿ ಒಂದು ನಕ್ಷತ್ರ ತಪ್ಪಿಸಿಕೊಂಡ ಕೇಂದ್ರಗಳನ್ನೂ ಕೂದಲೆಳೆಯಲ್ಲಿ ಅದನ್ನು ಗಿಟ್ಟಿಸಿದ ಕೇಂದ್ರಗಳನ್ನೂ ಅವರು ಹೋಲಿಸಿದರು. ತಪ್ಪಿಸಿಕೊಂಡವುಗಳಿಗೆ ಸೇರುವ ಮಕ್ಕಳ ಸಂಖ್ಯೆ ಇಳಿಯಿತು. ಅವೇ ಕೇಂದ್ರಗಳು ಮುಂದಿನ ವರ್ಷಗಳಲ್ಲಿ ತಮ್ಮ ಮಟ್ಟವನ್ನು ಹೆಚ್ಚು ಸುಧಾರಿಸಿಕೊಂಡವು. ಅಂದರೆ ತಂದೆತಾಯಿಗಳು ನಕ್ಷತ್ರ ನೋಡಿದ್ದರು, ಕೇಂದ್ರಗಳಿಗೆ ಅದರ ಬಿಸಿ ತಟ್ಟಿತ್ತು.

ಎಣಿಸಲು ಬಾರದ್ದು

ಇಷ್ಟಕ್ಕೇ ಮುಗಿದಿದ್ದರೆ ಇದು ಸುಖಾಂತ್ಯದ ಕಥೆ. ಆದರೆ 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ನಕ್ಷತ್ರ ಪದ್ಧತಿಯ ಬುಡವನ್ನೇ ಅಲುಗಾಡಿಸಿತು. ಟೆರ್ರಿ ಸಾಬೋಲ್ ಮತ್ತು ಸಂಗಡಿಗರು ಕೇಳಿದ ಪ್ರಶ್ನೆ ನೇರವಾಗಿತ್ತು: ಹೆಚ್ಚು ನಕ್ಷತ್ರದ ತರಗತಿಯಲ್ಲಿ ಮಕ್ಕಳು ನಿಜಕ್ಕೂ ಹೆಚ್ಚು ಕಲಿಯುತ್ತಾರೆಯೇ? ಶಿಕ್ಷಕಿಯ ಪದವಿ, ತರಗತಿಯ ಗಾತ್ರ, ಪರಿಸರದ ಅಂಕ ಎಲ್ಲವನ್ನೂ ಕೂಡಿಸಿ ಕೊಟ್ಟ ಒಟ್ಟು ನಕ್ಷತ್ರಕ್ಕೂ ಮಕ್ಕಳ ಕಲಿಕೆಗೂ ಹೇಳಿಕೊಳ್ಳುವಂತಹ ನಂಟು ಕಾಣಲಿಲ್ಲ. ಎದ್ದು ಕಂಡದ್ದು ಒಂದೇ ಅಂಶ: ಶಿಕ್ಷಕಿ ಮಕ್ಕಳೊಡನೆ ಹೇಗೆ ಒಡನಾಡುತ್ತಾಳೆ ಎಂಬುದು.

ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸುತ್ತಿರುವ ಮಗುವನ್ನು ಊಹಿಸಿಕೊಳ್ಳಿ. ಒಬ್ಬ ಶಿಕ್ಷಕಿ ಬಂದು, 'ಇದು ಯಾವ ಬಣ್ಣ?' ಎನ್ನುತ್ತಾಳೆ. ಮಗು 'ಕೆಂಪು' ಎನ್ನುತ್ತದೆ. 'ಜಾಣ' ಎಂದು ಹೇಳಿ ಆಕೆ ಮುಂದೆ ಹೋಗುತ್ತಾಳೆ. ಇನ್ನೊಬ್ಬಳು ಪಕ್ಕದಲ್ಲಿ ಕುಳಿತು, 'ಏನು ಕಟ್ತಾ ಇದ್ದೀಯ ಪುಟ್ಟ? ದೊಡ್ಡದನ್ನ ಮೇಲಿಟ್ಟರೆ ಏನಾಗಬಹುದು?' ಎನ್ನುತ್ತಾಳೆ. ಗೋಪುರ ಬೀಳುತ್ತದೆ. ಇಬ್ಬರೂ ನಗುತ್ತಾರೆ. 'ಯಾಕೆ ಬಿತ್ತು?' ಎಂದು ಮಾತು ಮುಂದುವರಿಯುತ್ತದೆ. ಎರಡೂ ತರಗತಿಯಲ್ಲಿ ಮರದ ತುಂಡುಗಳ ಸಂಖ್ಯೆ ಒಂದೇ. ಇಬ್ಬರ ಪದವಿಯೂ ಒಂದೇ ಇರಬಹುದು. ಆದರೆ ಆ ಎರಡು ಮಕ್ಕಳ ದಿನ ಒಂದೇ ಅಲ್ಲ.

ಈ ಒಡನಾಟವನ್ನೇ ಅಳೆಯಲು ವರ್ಜೀನಿಯಾ ವಿಶ್ವವಿದ್ಯಾಲಯದ ರಾಬರ್ಟ್ ಪಿಯಾಂಟಾ ಮತ್ತು ಜೊತೆಗಾರರು 'ಕ್ಲಾಸ್' ಎಂಬ ಇನ್ನೊಂದು ಮಾಪನವನ್ನು 2008ರಲ್ಲಿ ಹೊರತಂದಿದ್ದರು. ಮಾತಿನ ಧಾಟಿ, ಮಗುವಿನ ಮನಸ್ಸನ್ನು ಅರಿಯುವ ಬಗೆ, ಯೋಚನೆಗೆ ಹಚ್ಚುವ ಪ್ರಶ್ನೆ ಇಂಥವನ್ನು ಅದು ನೋಡುತ್ತದೆ. ವರ್ಜೀನಿಯಾ ರಾಜ್ಯ ತನ್ನ ಹೊಸ ವ್ಯವಸ್ಥೆಯಲ್ಲಿ ಉದ್ದನೆಯ ಪಟ್ಟಿಯನ್ನು ಬಿಟ್ಟು, ಈ ಒಡನಾಟ ಮತ್ತು ಒಳ್ಳೆಯ ಪಠ್ಯಕ್ರಮದ ಬಳಕೆ ಎರಡನ್ನೇ ಮುಖ್ಯವಾಗಿ ಅಳೆಯುವ ದಾರಿ ಹಿಡಿಯಿತು. 2023ರಿಂದ ಸರ್ಕಾರದ ಹಣ ಪಡೆಯುವ ಎಲ್ಲ ಕೇಂದ್ರಗಳಿಗೂ ಅದು ಕಡ್ಡಾಯವಾಯಿತು.

ಆದರೆ ಮಗುವಿನೊಡನೆ ಹಾಗೆ ಮಾತನಾಡಬೇಕಾದರೆ ಶಿಕ್ಷಕಿ ಮೊದಲು ಅಲ್ಲಿ ಇರಬೇಕಲ್ಲ! ಅಮೆರಿಕದಲ್ಲೂ ಶಿಶುಪಾಲನೆ ಅತಿ ಕಡಿಮೆ ಸಂಬಳದ ಕೆಲಸಗಳಲ್ಲಿ ಒಂದು. ಅಂಗಡಿಯಲ್ಲೋ ಗೋದಾಮಿನಲ್ಲೋ ತುಸು ಹೆಚ್ಚು ಸಿಕ್ಕರೆ ಹೊರಟುಬಿಡುತ್ತಾರೆ. ಇದಕ್ಕೂ ವರ್ಜೀನಿಯಾ ಒಂದು ಪ್ರಯೋಗ ಮಾಡಿತು. 2019ರಲ್ಲಿ, ಎಂಟು ತಿಂಗಳು ಅದೇ ಕೇಂದ್ರದಲ್ಲಿ ಉಳಿದರೆ 1,500 ಡಾಲರ್ ಎಂದು ಕೆಲವು ಕೇಂದ್ರಗಳ ಶಿಕ್ಷಕಿಯರಿಗೆ ಹೇಳಲಾಯಿತು. ಯಾವ ಕೇಂದ್ರಗಳಿಗೆ ಎಂಬುದನ್ನು ಲಾಟರಿ ಎತ್ತಿ ತೀರ್ಮಾನಿಸಲಾಯಿತು. ಹಣ ಸಿಗದ ಶಿಶುಪಾಲನಾ ಕೇಂದ್ರಗಳಲ್ಲಿ ಶೇಕಡ 30ರಷ್ಟು ಮಂದಿ ಕೆಲಸ ಬಿಟ್ಟರು. ಹಣ ಸಿಕ್ಕ ಕಡೆ ಬಿಟ್ಟವರು ಶೇಕಡ 15. ಮಗುವಿನ ಪಾಲಿಗೆ ಇದರ ಅರ್ಥ ಬಹಳ ಸರಳ: ನಿನ್ನೆ ಎತ್ತಿಕೊಂಡವಳೇ ಇಂದೂ ಬಾಗಿಲಲ್ಲಿ ಇದ್ದಾಳೆ.

ತಿರುಮಕೂಡಲಿನಿಂದ ಒಂದು ನೋಟ

ಅಮೆರಿಕದ ಈ ಕಥೆ ಕರ್ನಾಟಕಕ್ಕೆ ದೂರದ್ದೇನೂ ಅಲ್ಲ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಆರಂಭವಾದಾಗ ರಾಜ್ಯದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಲ್ಲಿ ಮೊಳೆತ ಅಂಗನವಾಡಿಗಳು ಇಂದು ರಾಜ್ಯದಲ್ಲಿ 65 ಸಾವಿರವನ್ನು ದಾಟಿವೆ. ಅಂಗಳದಲ್ಲೇ ಮಕ್ಕಳಿಗೆ ಶಾಲೆ ಎಂಬ ಕಲ್ಪನೆ ಅದಕ್ಕೂ ಹಳೆಯದು. ಮಹಾರಾಷ್ಟ್ರದ ಕೋಸಬಾಡದಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಆದಿವಾಸಿ ಮಕ್ಕಳ ನಡುವೆ ಅದನ್ನು ಬೆಳೆಸಿದವರು.

ಇಲ್ಲಿಗೆ ಹೊಂದುವ ಅಳತೆಗೋಲೂ ನೆರೆರಾಜ್ಯದಲ್ಲಿ ತಯಾರಾಯಿತು. 1990ರ ದಶಕದ ಕೊನೆಯ ಹೊತ್ತಿಗೆ ಚೆನ್ನೈನ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ ಅಮೆರಿಕದ ಈಕರ್ಸ್ ಅನ್ನು ತಮಿಳುನಾಡಿನ ಸ್ಥಿತಿಗತಿಗೆ ಒಗ್ಗಿಸಿ 'ಟೆಸರ್ಸ್' ರೂಪಿಸಿತು. ಆಮೇಲೆ, 2011ರಿಂದ 2016ರವರೆಗೆ, ದೆಹಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯ ಮತ್ತು ಅಸರ್ ಕೇಂದ್ರ ಅಸ್ಸಾಂ, ರಾಜಸ್ಥಾನ ಹಾಗೂ ಅಂದು ಅವಿಭಜಿತವಾಗಿದ್ದ ಆಂಧ್ರಪ್ರದೇಶದ ಹಳ್ಳಿಗಳಲ್ಲಿ ಸುಮಾರು 14 ಸಾವಿರ ಮಕ್ಕಳನ್ನು ನಾಲ್ಕನೆಯ ವಯಸ್ಸಿನಿಂದ ಎಂಟರವರೆಗೆ ಹಿಂಬಾಲಿಸಿದವು. ಅಂಗನವಾಡಿಯಲ್ಲಾಗಲಿ, ಶುಲ್ಕ ತೆಗೆದುಕೊಳ್ಳುವ ಖಾಸಗಿ ಶಿಶುಶಾಲೆಯಲ್ಲಾಗಲಿ ಆ ವಯಸ್ಸಿಗೆ ತಕ್ಕ ಆಟದ ಕಲಿಕೆ ಅಪರೂಪ ಎಂಬುದು ಅಲ್ಲಿ ಕಂಡ ಸತ್ಯ. ಖಾಸಗಿ ಶಾಲೆಗಳಲ್ಲಿ ಅಕ್ಷರ ತಿದ್ದಿಸುವುದೇ ಪಾಠ. ಸಮವಸ್ತ್ರ, ಟೈ, ಇಂಗ್ಲಿಷ್ ರೈಮ್ಸ್ ನೋಡಿ ಶಾಲೆ ಚೆನ್ನಾಗಿದೆ ಎನ್ನುವ ನಮ್ಮ ತಂದೆತಾಯಿಗಳೂ 1995ರ ಅಮೆರಿಕದವರಿಗಿಂತ ಬೇರೆಯೇನಲ್ಲ.

ಇನ್ನು ಅಂಗನವಾಡಿ ಕಾರ್ಯಕರ್ತೆ. ಪೌಷ್ಟಿಕ ಆಹಾರ, ಬಸುರಿ ಬಾಣಂತಿಯರ ಲೆಕ್ಕ, ಚುಚ್ಚುಮದ್ದಿನ ದಿನ, ಸಮೀಕ್ಷೆ, ಮೊಬೈಲಿನಲ್ಲಿ ವರದಿ ಎಲ್ಲ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಆಕೆ ಟೀಚರ್. ಕೈಗೆ ಸಿಗುವುದಕ್ಕೆ ಇಂದಿಗೂ ಗೌರವಧನ ಎಂದೇ ಹೆಸರು. ಆಕೆಗೆ ಗ್ರಾಚ್ಯುಟಿಯ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ. ಕಾರ್ಯಕರ್ತೆಯರಿಗೆ ಆರು ತಿಂಗಳ ಅಥವಾ ಒಂದು ವರ್ಷದ ತರಬೇತಿ ಕೊಡಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ಏಣಿ ಹಿಡಿಯಬೇಕಾದವರೆಂದರೆ ವಲಯದ ಮೇಲ್ವಿಚಾರಕಿಯರು. ನಿಯಮದ ಲೆಕ್ಕದಲ್ಲೇ ಒಬ್ಬರಿಗೆ ಸುಮಾರು 25 ಅಂಗನವಾಡಿಗಳು. ಅವರು ಬಂದಾಗ ಮೊದಲು ಕೇಳುವುದು ರಿಜಿಸ್ಟರನ್ನೋ, ಮಕ್ಕಳ ಹಾಡನ್ನೋ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ನಮ್ಮಲ್ಲೂ ಶಿಶುವಿಹಾರಗಳಿಗೆ ದರ್ಜೆ ಕೊಡುವ ಕಾಲ ಬರಬಹುದು. ಬಂದಾಗ ನೆನಪಿಡಬೇಕಾದ ಪಾಠ ಅಂಗನವಾಡಿಯ ಮೂಲೆಯಲ್ಲೇ ಇದೆ. ಅಲ್ಲಿ ಪ್ರತಿ ತಿಂಗಳೂ ಮಗುವನ್ನು ತಕ್ಕಡಿಗೆ ಏರಿಸಿ ತೂಕ ಬರೆದುಕೊಳ್ಳುತ್ತಾರೆ. ತೂಕ ಕಡಿಮೆ ಎಂದು ಗೊತ್ತಾಗಲು ತಕ್ಕಡಿ ಬೇಕೇ ಬೇಕು. ಆದರೆ ಮಗು ಮುಂದಿನ ತಿಂಗಳಿಗೆ ಕಾಲು ಕಿಲೋ ಹೆಚ್ಚುವುದು ತಕ್ಕಡಿಯಿಂದಲ್ಲ. ನಡುವಿನ ಮೂವತ್ತು ದಿನ ಯಾರೋ ಒಬ್ಬರು ಕೂರಿಸಿಕೊಂಡು ತುತ್ತಿಟ್ಟದ್ದರಿಂದ.